ಹುಲ್ಲುಳಿಸಿ ಪೊದೆ ಕೊಲ್ಲುವ ಮದ್ದು: ಟೆಕ್ಸಾಸಿನ ಮೆಸ್ಕೀಟ್‌ನಿಂದ ಕ್ವೀನ್ಸ್‌ಲ್ಯಾಂಡಿನ ಕರಿಜಾಲಿಯವರೆಗೆ

ಹೊಲದಲ್ಲಿ ಬೆಳೆ ಯಾವುದು, ಕಳೆ ಯಾವುದು ಎಂಬುದು ಬಿತ್ತಿದವನಿಗೆ ಗೊತ್ತು. ಸಾಲು ಹಿಡಿದು ಕುಂಟೆ ಹೊಡೆಯಬಹುದು, ಕೂಲಿ ಕೊಟ್ಟು ಕೀಳಿಸಬಹುದು. ಸಾವಿರಾರು ಎಕರೆ ಹರಡಿದ ಹುಲ್ಲುಗಾವಲಿನಲ್ಲಿ ಸಾಲೂ ಇಲ್ಲ, ಬಿತ್ತನೆಯೂ ಇಲ್ಲ. ಒಂದು ಎಕರೆಯ ಮೇವಿನಿಂದ ಬರುವ ಹಣ ಅದೇ ಎಕರೆಯ ಮುಳ್ಳುಕಂಟಿ ಕಡಿಸುವ ಕೂಲಿಗೂ ಸಾಲದು. ಹೀಗಿರುವಾಗ ಹುಲ್ಲಿಗೆ ತೊಂದರೆ ಕೊಡದೆ ಅಗಲ ಎಲೆಯ ಗಿಡಗಳನ್ನಷ್ಟೇ ಕೊಲ್ಲುವ ರಾಸಾಯನಿಕಗಳು 1940ರ ದಶಕದಲ್ಲಿ ಕೈಗೆ ಸಿಕ್ಕಾಗ, ದನ ಸಾಕುವವರು ಅವುಗಳ ಮೇಲೆ ಅಷ್ಟೊಂದು ಭರವಸೆ ಇಟ್ಟದ್ದು ಸಹಜವೇ. ಈ ಲೇಖನದಲ್ಲಿ ನಾನು ಮಂಡಿಸುವುದು ಇಷ್ಟು: ಆಯ್ದು ಕೊಲ್ಲುವ ಗುಣ ಅಣುವಿನಲ್ಲೇ ಇದೆ ಎಂಬ ನಂಬಿಕೆಯಿಂದ ಶುರುವಾದ ಈ ಪ್ರಯೋಗ ಮುಳ್ಳುಮರಗಳ ಬುಡಕ್ಕೆ ಬಂದು ಮುಗ್ಗರಿಸಿತು. ನಂತರದ ಅರ್ಧ ಶತಮಾನದಲ್ಲಿ ಆ ಆಯ್ಕೆಯ ಹೊಣೆ ಮೆಲ್ಲಗೆ ಅಣುವಿನಿಂದ ಸಿಂಪಡಿಸುವವನ ಕೈಗೆ ದಾಟಿತು.

ಆಯ್ದು ಕೊಲ್ಲುವ ಮದ್ದಿನ ಕಲ್ಪನೆ ಹಾರ್ಮೋನುಗಳಿಗಿಂತ ಹಳೆಯದು. 1896ರ ಸುಮಾರಿಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣ ಕಾಡುಸಾಸಿವೆಯ ಎಲೆಯನ್ನು ಸುಟ್ಟಿದ್ದು ಕಣ್ಣಿಗೆ ಬಿದ್ದ ಮೇಲೆ, ಧಾನ್ಯದ ಹೊಲಗಳಿಗೆ ತಾಮ್ರದ ಲವಣ, ಕಬ್ಬಿಣದ ಲವಣ, ಕೊನೆಗೆ ತೆಳು ಗಂಧಕಾಮ್ಲವೂ ಬಂತು. ಇವೆಲ್ಲ ಎಲೆಯ ಮೇಲೆ ಕೂತು ಸುಡುವ ಮದ್ದುಗಳು, ಬೇರಿಗೆ ಇಳಿಯುವಂಥವಲ್ಲ. ಹುಲ್ಲುಗಾವಲಿನ ಮರಗಳಿಗೆ ಇದ್ದದ್ದು ಇನ್ನೂ ಒರಟಾದ ಉಪಾಯಗಳು. ಟೆಕ್ಸಾಸಿನ ದನಗಾರರು ಮೆಸ್ಕೀಟ್ ಮರದ ಬುಡಕ್ಕೆ ಸೀಮೆಎಣ್ಣೆ ಸುರಿಯುತ್ತಿದ್ದರು, ಇಲ್ಲವೇ ಸೋಡಿಯಂ ಆರ್ಸೆನೈಟ್ ಹಾಕುತ್ತಿದ್ದರು. ಆರ್ಸೆನಿಕ್ ಮರವನ್ನೇನೋ ಕೊಲ್ಲುತ್ತಿತ್ತು. ಅದನ್ನು ನೆಕ್ಕಿದ ದನವೂ ಬದುಕುತ್ತಿರಲಿಲ್ಲ.

ಹೊಸ ದಾರಿ ತೆರೆದದ್ದು ಸಸ್ಯಗಳ ಬೆಳವಣಿಗೆಯ ಅಧ್ಯಯನ. ಚಿಗುರಿನ ತುದಿಯಿಂದ ಯಾವುದೋ ಪ್ರಭಾವ ಕೆಳಗಿಳಿದು ಕಾಂಡವನ್ನು ಬಾಗಿಸುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1880ರಲ್ಲೇ ಬರೆದಿದ್ದ. ಅದು ಒಂದು ರಾಸಾಯನಿಕ ವಸ್ತುವೇ ಎಂದು 1920ರ ದಶಕದ ಕೊನೆಗೆ ಹಾಲೆಂಡಿನ ಫ್ರಿಟ್ಸ್ ವೆಂಟ್ ತೋರಿಸಿದ. ಆಕ್ಸಿನ್ ಎಂದು ನಾವು ಕರೆಯುವ ಈ ಹಾರ್ಮೋನನ್ನು ಹೋಲುವ ಕೃತಕ ವಸ್ತುಗಳನ್ನು ಬೇರು ಬಿಡಿಸಲು, ಕಾಯಿ ಉದುರದಂತೆ ತಡೆಯಲು ಬಳಸುತ್ತಿದ್ದಾಗಲೇ, ಪ್ರಮಾಣ ಹೆಚ್ಚಾದರೆ ಗಿಡ ಸಾಯುತ್ತದೆ ಎಂಬುದೂ ಬಯಲಾಯಿತು. 1940ರಲ್ಲಿ ಇಂಗ್ಲೆಂಡಿನ ಜೆಲಾಟ್ಸ್ ಹಿಲ್ ಪ್ರಯೋಗಕ್ಷೇತ್ರದಲ್ಲಿ ವಿಲಿಯಂ ಟೆಂಪಲ್‌ಮನ್, ಅಂಥ ಒಂದು ವಸ್ತು ಕಾಡುಸಾಸಿವೆಯನ್ನು ಕೊಂದು ಓಟ್ಸ್ ಬೆಳೆಯನ್ನು ಬಹುಪಾಲು ಉಳಿಸಿದ್ದನ್ನು ಕಂಡ. ರಾಥಮ್‌ಸ್ಟೆಡ್‌ನಲ್ಲಿ ಇನ್ನೊಂದು ತಂಡ, ಅಮೆರಿಕದಲ್ಲಿ ಮತ್ತೆ ಕೆಲವರು ಬೇರೆಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದರು.

ಆಗ ಯುದ್ಧಕಾಲ. ಶಿಕಾಗೋ ವಿಶ್ವವಿದ್ಯಾಲಯದ ಎಜ್ರಾ ಕ್ರಾಸ್ ಈ ವಸ್ತುಗಳಿಂದ ಶತ್ರುವಿನ ಬೆಳೆಯನ್ನೇ ನಾಶಮಾಡಬಹುದು ಎಂದು ಸೂಚಿಸಿದ. ಮೇರಿಲ್ಯಾಂಡಿನ ಕ್ಯಾಂಪ್ ಡೆಟ್ರಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಸಂಯುಕ್ತಗಳ ಪರೀಕ್ಷೆ ಗುಟ್ಟಾಗಿ ನಡೆಯಿತು. ಆದರೂ ಅವುಗಳಲ್ಲೊಂದಾದ 2,4-ಡಿಯ ಕಳೆ ಕೊಲ್ಲುವ ಗುಣ 1944ರಲ್ಲೇ ಹೊರಬಿತ್ತು. ಆ ವರ್ಷ ಹ್ಯಾಮ್ನರ್ ಮತ್ತು ಟ್ಯೂಕಿ ಅದರಿಂದ ಹಬ್ಬುಬಳ್ಳಿಯೊಂದನ್ನು ಕೊಂದ ವರದಿ ಪ್ರಕಟಿಸಿದರು. ಹುಲ್ಲುಹಾಸಿನ ನಡುವಿನ ದಂಡೇಲಿಯನ್ ಗಿಡ ಸತ್ತು ಹುಲ್ಲು ಉಳಿದದ್ದನ್ನು ಮಾರ್ತ್ ಮತ್ತು ಮಿಚೆಲ್ ದಾಖಲಿಸಿದರು. 1945ರಲ್ಲಿ ಫ್ರಾಂಕ್ಲಿನ್ ಜೋನ್ಸ್‌ಗೆ ಪೇಟೆಂಟ್ ಸಿಕ್ಕಿತು, ಅದೇ ವರ್ಷ ವೀಡೋನ್ ಎಂಬ ಹೆಸರಲ್ಲಿ ಸರಕು ಅಂಗಡಿಗೆ ಬಂತು. ಬ್ರಿಟನ್ನಿನಲ್ಲಿ ಅದರ ಸೋದರ ಎಂಸಿಪಿಎ 1946ರಲ್ಲಿ ಮಾರಾಟಕ್ಕಿಳಿಯಿತು. ಪ್ರಯೋಗಶಾಲೆಯಿಂದ ರೈತನ ಕೈಗೆ ಇಷ್ಟು ಬೇಗ ತಲುಪಿದ ಕೃಷಿ ರಾಸಾಯನಿಕಗಳು ವಿರಳ. ಕೊಲ್ಲುವ ಬಗೆ ತಿಳಿಯುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು: ಸಸ್ಯಕೋಶದಲ್ಲಿ ಆಕ್ಸಿನ್ ಬಂದು ಕೂರುವ ಪ್ರೋಟೀನು ಯಾವುದೆಂದು ಗೊತ್ತಾದದ್ದು 2005ರಲ್ಲಿ.

ಹುಲ್ಲು ಬದುಕುವುದಕ್ಕೆ ಕಾರಣ ಒಂದಲ್ಲ. ಅದರ ಬೆಳೆಯುವ ಕುಡಿ ನೆಲಕ್ಕೆ ಸಮೀಪ, ಎಲೆಯ ಕವಚದೊಳಗೆ ಅಡಗಿರುತ್ತದೆ. ನೆಟ್ಟಗೆ ನಿಂತ ಕಿರಿದಾದ ಗರಿಯ ಮೇಲೆ ಹನಿ ನಿಲ್ಲುವುದು ಕಡಿಮೆ. ಕಾಂಡದಲ್ಲಿ ಚದುರಿದ ನಾಳಗಳ ನಡುವೆ, ಹಾರ್ಮೋನಿನ ಹುಚ್ಚಿಗೆ ಸಿಕ್ಕಿ ಅಡ್ಡಾದಿಡ್ಡಿ ಬೆಳೆಯುವ ಅಂಗಾಂಶದ ಪದರವೇ ಇರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಳಹೊಕ್ಕ 2,4-ಡಿಯನ್ನು ಹುಲ್ಲು ಬೇಗ ಮಾರ್ಪಡಿಸಿ ನಿರಪಾಯ ಮಾಡಿಕೊಳ್ಳುತ್ತದೆ. ಅಗಲ ಎಲೆಯ ಗಿಡಕ್ಕೆ ಅದು ಸಾಧ್ಯವಾಗದೆ ಕಾಂಡ ತಿರುಚಿ, ಸಕ್ಕರೆ ಸಾಗಿಸುವ ನಾಳಗಳು ಹಿಸುಕಿಹೋಗಿ ಸಾಯುತ್ತದೆ. ಅಂದರೆ ಈ ಮದ್ದಿಗೆ ಗೊತ್ತಿರುವುದು ಹುಲ್ಲು ಮತ್ತು ಹುಲ್ಲಲ್ಲದ್ದರ ನಡುವಿನ ವ್ಯತ್ಯಾಸ ಮಾತ್ರ. ಕಳೆ, ಮೇವು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಮುಂದಿನ ತೊಡಕುಗಳಿಗೆಲ್ಲ ಮೂಲ ಇದೇ.

ಮೆಸ್ಕೀಟ್‌ಗೆ ಬರೋಣ. ನಮ್ಮ ಬಳ್ಳಾರಿ ಜಾಲಿಯ ಕುಲಕ್ಕೇ ಸೇರಿದ ಈ ಮರ ಟೆಕ್ಸಾಸಿಗೆ ಹೊರಗಿನಿಂದ ಬಂದದ್ದಲ್ಲ. ಮೂಲನಿವಾಸಿಗಳು ಅದರ ಕಾಯನ್ನು ಹಿಟ್ಟು ಮಾಡಿ ತಿನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಯಲಿಗೆ ನುಗ್ಗಿದ ದನದ ಮಂದೆಗಳು ಸಿಹಿಕಾಯಿ ತಿಂದು, ಸಗಣಿಯೊಂದಿಗೆ ಗಟ್ಟಿಬೀಜವನ್ನು ಊರೂರಿಗೆ ಹಂಚಿದವು. ಹುಲ್ಲನ್ನು ನೆಲಮಟ್ಟ ಮೇಯ್ದದ್ದರಿಂದ ಎಳೆ ಸಸಿಗಳನ್ನು ಸುಡುತ್ತಿದ್ದ ಬೆಂಕಿಗೆ ಉರಿಯಲು ಏನೂ ಉಳಿಯಲಿಲ್ಲ. ಹೀಗೆ ಹಬ್ಬಿದ ಮರವನ್ನು ದನಗಾರರು ಶತ್ರುವೆಂದು ಕರೆದದ್ದರಲ್ಲಿ ಕೊಂಚ ಮರೆವೂ ಇತ್ತು ಎನ್ನಬೇಕು. ಅದನ್ನು ಬಿತ್ತಿದ್ದು ಅವರ ದನಗಳೇ.

2,4-ಡಿ ಮೆಸ್ಕೀಟಿಗೆ ಅಷ್ಟಾಗಿ ನಾಟಲಿಲ್ಲ. ಒಂದು ಕ್ಲೋರಿನ್ ಪರಮಾಣು ಹೆಚ್ಚಿರುವ 2,4,5-ಟಿ ನಾಟಿತು. 1950ರ ದಶಕದಲ್ಲಿ ಸಣ್ಣ ವಿಮಾನಗಳು ಎಕರೆಗೆ ಸುಮಾರು ಅರ್ಧ ಪೌಂಡಿನಂತೆ ಅದನ್ನು ಎಣ್ಣೆ–ನೀರಿನಲ್ಲಿ ಬೆರೆಸಿ ಮೇವಿನ ನೆಲದ ಮೇಲೆ ಸುರಿದವು. ಕೆಲವು ವಾರಗಳಲ್ಲಿ ಕಣ್ಣು ಹಾಯುವವರೆಗೆ ಎಲೆ ಕಂದಿಹೋಗುತ್ತಿತ್ತು, ಬಿಸಿಲು ಬಿದ್ದು ಹುಲ್ಲು ಮೇಲೇಳುತ್ತಿತ್ತು. ಆದರೆ ಮೆಸ್ಕೀಟಿನ ಜೀವ ಇರುವುದು ನೆಲದೊಳಗೆ. ಮಣ್ಣಿನಡಿಯ ಕಾಂಡದ ಉದ್ದಕ್ಕೂ ಮಲಗಿರುವ ಮೊಗ್ಗುಗಳಿವೆ. ಅರಿಝೋನಾದ ಟೂಸಾನ್ ಬಳಿಯ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಇದೇ ಕುಲದ ಬೇರು ಕಂಡ ದಾಖಲೆಯಿದೆ. ಮೇಲಿನ ಕಾಂಡ ಸತ್ತೊಡನೆ ಆ ಮೊಗ್ಗುಗಳು ಎಚ್ಚರಗೊಂಡವು. ಒಂದೇ ಬೊಡ್ಡೆಯ ಮರವಿದ್ದಲ್ಲಿ ಹತ್ತಾರು ಕವಲಿನ ಪೊದೆ ಎದ್ದಿತು. ಇಂದು ಟೆಕ್ಸಾಸಿನಲ್ಲಿ ಕಾಣುವ ಒತ್ತೊತ್ತಾದ ಮೆಸ್ಕೀಟ್ ಪೊದೆಗಳಲ್ಲಿ ಎಷ್ಟೋ ಹೀಗೆ ಮದ್ದು, ಸರಪಳಿ, ಕೊಡಲಿಗಳೇ ಮಾಡಿದಂಥವು. ಬುಲ್‌ಡೋಜರುಗಳ ನಡುವೆ ಹಡಗಿನ ಲಂಗರಿನ ಸರಪಳಿ ಎಳೆಸಿ ಮರ ಉರುಳಿಸುವ ಕ್ರಮವೂ ಆಗ ಜೋರಾಗಿತ್ತು.

ವಿಫಲತೆಯೇ ಒಂದು ಪಾಠ ಕಲಿಸಿತು. ಮದ್ದು ಬೇರಿಗೆ ಇಳಿಯಬೇಕಾದರೆ ಎಲೆಯಿಂದ ಸಕ್ಕರೆ ಕೆಳಗಿಳಿಯುವ ಹೊತ್ತಿಗೇ ಹೊಡೆಯಬೇಕು. ವಸಂತದಲ್ಲಿ ಚಿಗುರುವಾಗ ಸಕ್ಕರೆ ಬೇರಿನಿಂದ ಮೇಲಕ್ಕೆ ಬರುತ್ತಿರುತ್ತದೆ, ಆಗ ಹೊಡೆದರೆ ವ್ಯರ್ಥ. ಎಲೆ ಬಲಿತು ಕಡುಹಸಿರಾದ ಮೇಲೆ, ಒಂದು ಅಡಿ ಆಳದ ಮಣ್ಣು ಸುಮಾರು 24 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬೇರಿನವರೆಗೆ ಸಾವು ಇಳಿಯುವ ಸಂಭವ ಹೆಚ್ಚು. ಮಳೆ ತಪ್ಪಿದ ವರ್ಷ, ಎಲೆಗೆ ಹುಳು ಬಿದ್ದ ವರ್ಷ ಈ ಲೆಕ್ಕವೂ ತಪ್ಪುತ್ತದೆ. ಮದ್ದು ಅದೇ, ಮರ ಅದೇ. ಫಲವನ್ನು ನಿರ್ಧರಿಸುವುದು ಕಾಲ.

ಪಶ್ಚಿಮ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಗುರಿಯಾದದ್ದು ಸೇಜ್‌ಬ್ರಷ್ ಎಂಬ ಘಮದ ಪೊದೆ. 2,4-ಡಿಗೆ ಅದು ಸುಲಭವಾಗಿ ಸಾಯುತ್ತಿತ್ತು. ಆ ಪೊದೆಯನ್ನೇ ನಂಬಿದ ಕಾಡುಕೋಳಿಯ ಜಾತಿಯೊಂದು, ಚಳಿಗಾಲದಲ್ಲಿ ಅದನ್ನೇ ಮೇಯುವ ಜಿಂಕೆಗಳು ಯಾರ ಲೆಕ್ಕದಲ್ಲೂ ಇರಲಿಲ್ಲ. ಬ್ರಿಡ್ಜರ್ ರಾಷ್ಟ್ರೀಯ ಅರಣ್ಯದಲ್ಲಿ ಸಿಂಪಡಿಸಿದಾಗ ಹೊಳೆದಂಡೆಯ ವಿಲೋ ಗಿಡಗಳೂ ಸತ್ತು, ಅವನ್ನು ನಂಬಿದ್ದ ಮೂಸ್ ಮತ್ತು ಬೀವರ್‌ಗಳು ಜಾಗ ಖಾಲಿಮಾಡಿದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದಿದ್ದ ಈ ಸಂಗತಿಯನ್ನು ರೇಚೆಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ವಿಸ್ತರಿಸಿದರು. ಆ ಪುಸ್ತಕವೆಂದರೆ ಡಿಡಿಟಿ ಎಂದು ನೆನೆಯುವವರು ಕಳೆನಾಶಕಗಳ ಕುರಿತ ಅದರ ಅಧ್ಯಾಯವನ್ನು ಓದದೆ ದಾಟಿರುತ್ತಾರೆ.

2,4,5-ಟಿಯನ್ನು ಮುಳುಗಿಸಿದ್ದು ಹುಲ್ಲುಗಾವಲಲ್ಲ, ಯುದ್ಧ. ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಅರ್ಧ 2,4-ಡಿ, ಅರ್ಧ 2,4,5-ಟಿ. ತಯಾರಿಕೆಯಲ್ಲಿ ಶಾಖ ಮಿತಿಮೀರಿದರೆ 2,4,5-ಟಿಯೊಂದಿಗೆ ಅತಿವಿಷದ ಡಯಾಕ್ಸಿನ್ ಒಂದು ಸೇರಿಬಿಡುತ್ತದೆ. ಪ್ರಾಣಿಗಳ ಭ್ರೂಣಕ್ಕೆ ಹಾನಿ ಕಂಡುಬಂದ ಮೇಲೆ 1970ರಲ್ಲಿ ಅಮೆರಿಕ ಅದರ ಕೆಲವು ಬಳಕೆಗಳನ್ನು ನಿಲ್ಲಿಸಿತು. 1979ರಲ್ಲಿ ಕಾಡು, ರಸ್ತೆಬದಿ, ಬಿತ್ತಿದ ಹುಲ್ಲುಗಾವಲುಗಳಲ್ಲಿ ತುರ್ತು ತಡೆ ಬಂತು. ವಿಶಾಲವಾದ ಸಹಜ ಮೇವಿನ ಬಯಲಿಗೆ ಆಗ ವಿನಾಯಿತಿ ಇತ್ತು. ಜನವಸತಿ ಕಡಿಮೆಯಿರುವ ಕಡೆ ಅಪಾಯವೂ ಕಡಿಮೆ ಎಂಬ ಈ ಎಣಿಕೆ ಹೆಚ್ಚು ದಿನ ನಿಲ್ಲಲಿಲ್ಲ. 1983ರಲ್ಲಿ ಡೌ ಕಂಪನಿ ಕಾನೂನು ಹೋರಾಟ ಕೈಬಿಟ್ಟಿತು, 1985ಕ್ಕೆ ನೋಂದಣಿಗಳೆಲ್ಲ ರದ್ದಾದವು.

ಅತ್ತ ಬ್ರಿಟನ್ನಿನ ಹುಲ್ಲುಗಾವಲಿನ ತೊಡಕೇ ಬೇರೆ. ಅಲ್ಲಿ ಹುಲ್ಲಿನ ಜತೆ ಕ್ಲೋವರ್ ಇದೆ. ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುವ, ದನಕ್ಕೆ ಪ್ರಿಯವಾದ ದ್ವಿದಳ ಅದು. ಕಳೆಯೊಂದಿಗೆ ಅದೂ ಸತ್ತರೆ ಗೊಬ್ಬರದ ಖರ್ಚು ಮೈಮೇಲೆ. ವೈ ಕಾಲೇಜಿನ ರಾಲ್ಫ್ ವೇನ್ 1950ರ ದಶಕದಲ್ಲಿ ಇದಕ್ಕೆ ಕೊಟ್ಟ ಉತ್ತರ ಈ ಚರಿತ್ರೆಯಲ್ಲೇ ಅತ್ಯಂತ ಚತುರವಾದದ್ದು ಎಂದು ನನ್ನ ಎಣಿಕೆ. ಆ ಉತ್ತರವಾದ 2,4-ಡಿಬಿ ಎಂಬ ವಸ್ತು ತಾನಾಗಿ ವಿಷವಲ್ಲ. ಒಳಹೊಕ್ಕ ಗಿಡವೇ ತನ್ನ ಕಿಣ್ವಗಳಿಂದ ಅದನ್ನು 2,4-ಡಿಯಾಗಿ ಮಾರ್ಪಡಿಸಿಕೊಂಡು ಸಾಯಬೇಕು. ಹಲವು ಕಳೆಗಳು ಹಾಗೆ ಮಾಡುತ್ತವೆ. ಕ್ಲೋವರ್, ಕುದುರೆಮಸಾಲೆಗಳಲ್ಲಿ ಆ ಮಾರ್ಪಾಡು ಅಷ್ಟಾಗಿ ನಡೆಯುವುದಿಲ್ಲ.

ಮೇಯುವ ಪ್ರಾಣಿಯೂ ಈ ಲೆಕ್ಕಕ್ಕೆ ಸೇರಬೇಕು. ರಾಗ್‌ವರ್ಟ್ ಎಂಬ ವಿಷಗಿಡವನ್ನು ದನ, ಕುದುರೆಗಳು ಹಸಿಯಾಗಿದ್ದಾಗ ಮೂಸಿ ಬಿಟ್ಟುಬಿಡುತ್ತವೆ. ಮದ್ದು ಹೊಡೆದು ಬಾಡಿದಾಗ ಅದು ಬಾಯಿಗೆ ರುಚಿಸುತ್ತದೆ, ವಿಷ ಹಾಗೆಯೇ ಉಳಿದಿರುತ್ತದೆ. 1963ರಲ್ಲಿ ಬಂದ ಪಿಕ್ಲೋರಾಮ್ ಎಂಬ ಕಳೆನಾಶಕ ಮತ್ತು ಅದರ ಬಳಗದ್ದು ಇನ್ನೊಂದು ಬಗೆ. ಅವು ಮಣ್ಣಿನಲ್ಲಿ ಬಹುಕಾಲ ನಿಲ್ಲುತ್ತವೆ, ಹುಲ್ಲಿನೊಳಗೂ ನಿಲ್ಲುತ್ತವೆ, ದನದ ಹೊಟ್ಟೆ ದಾಟಿ ಗೊಬ್ಬರದಲ್ಲೂ ಉಳಿಯುತ್ತವೆ. 2008ರಲ್ಲಿ ಬ್ರಿಟನ್ನಿನ ಮನೆತೋಟದವರ ಟೊಮೆಟೊ, ಹುರುಳಿಕಾಯಿ, ಆಲೂ ಗಿಡಗಳು ತಿರುಚಿಕೊಂಡವು. ಕಾರಣ ಹುಡುಕಿದರೆ, ಅದೇ ಬಳಗದ ಅಮಿನೋಪೈರಾಲಿಡ್ ಹೊಡೆದ ಹುಲ್ಲನ್ನು ಮೇಯ್ದ ಜಾನುವಾರಿನ ಗೊಬ್ಬರ. ಆ ವರ್ಷ ಅಲ್ಲಿ ಅದರ ಮಾರಾಟ ನಿಲ್ಲಿಸಬೇಕಾಯಿತು. ಮೆಸ್ಕೀಟಿನ ಬೀಜ ಟೆಕ್ಸಾಸಿನಲ್ಲಿ ಹಬ್ಬಿದ ದಾರಿಯಲ್ಲೇ, ಅಂದರೆ ಸಗಣಿಯ ದಾರಿಯಲ್ಲೇ, ಕಳೆ ಕೊಲ್ಲುವ ಅಣುವೂ ಹೊರಗೆ ಬಂದಿತ್ತು.

1995ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಶುರುಮಾಡಿದ ‘ಬ್ರಷ್ ಬಸ್ಟರ್ಸ್’ ಕಾರ್ಯಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಿಮಾನ ಬಿಟ್ಟು, ಬೆನ್ನಿಗೆ ಪಂಪು ಕಟ್ಟಿಕೊಂಡು ಒಂದೊಂದೇ ಗಿಡಕ್ಕೆ ಹೊಡೆಯುವ ಕ್ರಮ ಅದು. ಎಳೆ ಪೊದೆಯಾದರೆ ಎಲೆಗೆ ಟ್ರೈಕ್ಲೋಪೈರ್ ಮತ್ತು ಕ್ಲೋಪೈರಾಲಿಡ್ ಎಂಬ ಕಳೆನಾಶಕಗಳು, ನುಣುಪು ತೊಗಟೆಯ ಕಾಂಡವಾದರೆ ಡೀಸೆಲಿನಲ್ಲಿ ಬೆರೆಸಿದ ಟ್ರೈಕ್ಲೋಪೈರನ್ನು ಬುಡದ ಸುತ್ತ. ಹಳೆಯ ಸೀಮೆಎಣ್ಣೆಯ ಪದ್ಧತಿಯೇ ಹೊಸ ರೂಪದಲ್ಲಿ ಮರಳಿತು ಎಂದರೂ ನಡೆದೀತು. ವ್ಯತ್ಯಾಸವೆಂದರೆ ಯಾವ ಮರ ಸಾಯಬೇಕು, ಯಾವುದು ನೆರಳಿಗೋ ಹಕ್ಕಿಗೋ ಉಳಿಯಬೇಕು ಎಂಬುದನ್ನು ಈಗ ಪಂಪು ಹಿಡಿದವನು ನಿಂತು ನೋಡಿ ತೀರ್ಮಾನಿಸಬಲ್ಲ. ಗಿಡ ದಟ್ಟವಾದಷ್ಟೂ ಖರ್ಚು ಏರುವುದರಿಂದ ಈ ಕ್ರಮ ವಿರಳ ಪೊದೆಗಳಿಗೇ ಹೊಂದುತ್ತದೆ.

ಕರ್ನಾಟಕದ ಓದುಗರಿಗೆ ಹತ್ತಿರದ್ದು ಆಸ್ಟ್ರೇಲಿಯಾದ ಪ್ರಕರಣ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ಮಿಚೆಲ್ ಹುಲ್ಲಿನ ವಿಶಾಲ ಬಯಲಿದೆ. ಒಣಗಿದಾಗ ಬಾಯಿಬಿಡುವ ಅದರ ಜೇಡಿಮಣ್ಣು ನಮ್ಮ ಎರೆಭೂಮಿಯನ್ನು ನೆನಪಿಸುವಂಥದ್ದು. ಅಲ್ಲಿಗೆ 1890ರ ದಶಕದಲ್ಲಿ ಹೋದದ್ದು ನಮ್ಮ ಕರಿಜಾಲಿ. ಇಲ್ಲಿ ಬದುವಿನ ಮೇಲೆ ನಿಂತು ನೇಗಿಲಿಗೆ, ಗಾಡಿಯ ಚಕ್ರಕ್ಕೆ ಮರ ಕೊಡುವ, ಮೇಕೆಗೆ ಕಾಯಿ ಉದುರಿಸುವ ಅದೇ ಮರ. ನೆರಳಿಲ್ಲದ ಆ ಬಯಲಿನ ಕುರಿಗಳಿಗೆ ಇದು ಒಳ್ಳೆಯದೆಂದು 1926ರಲ್ಲಿ ಸರ್ಕಾರದ ಕೃಷಿ ಇಲಾಖೆಯೇ ಶಿಫಾರಸು ಮಾಡಿತ್ತು. 1957ರಲ್ಲಿ ಅದನ್ನೇ ಹಾನಿಕರ ಕಳೆಯೆಂದು ಘೋಷಿಸಬೇಕಾಯಿತು. ಕೊಳವೆಬಾವಿಯ ನೀರು ಹರಿಯುವ ತೆರೆದ ಕಾಲುವೆಗಳ ಅಂಚಿಗೆ ಸಾಲುಗಟ್ಟಿದ್ದ ಮರಗಳು 1970ರ ದಶಕದ ಭಾರೀ ಮಳೆಯಲ್ಲಿ ಬಯಲಿಗೆ ಹರಡಿದವು. ಉಣ್ಣೆಯ ಬೆಲೆ ಕುಸಿದು ಕುರಿಯ ಜಾಗಕ್ಕೆ ದನ ಬಂದದ್ದು ಬೆಂಕಿಗೆ ತುಪ್ಪ ಸುರಿಯಿತು: ಕುರಿ ಬೀಜವನ್ನು ಬಹುಮಟ್ಟಿಗೆ ಉಗುಳುತ್ತದೆ ಇಲ್ಲವೇ ಅಗಿದುಬಿಡುತ್ತದೆ, ದನ ಹಾಗೇ ನುಂಗಿ ಹಂಚುತ್ತದೆ. 1999ರಲ್ಲಿ ಆಸ್ಟ್ರೇಲಿಯಾ ರಾಷ್ಟ್ರೀಯ ಮಹತ್ವದ 20 ಕಳೆಗಳ ಪಟ್ಟಿ ಮಾಡಿದಾಗ ಕರಿಜಾಲಿ, ಮೆಸ್ಕೀಟ್, ಲಂಟಾನ, ಪಾರ್ಥೇನಿಯಂ ನಾಲ್ಕೂ ಅದರಲ್ಲಿದ್ದವು.

ಅಲ್ಲಿ ಈಗ ನಡೆದಿರುವುದು ಬುಡಕ್ಕೆ ಹೊಡೆಯುವ ಕ್ರಮವೇ: ಟ್ರೈಕ್ಲೋಪೈರ್–ಪಿಕ್ಲೋರಾಮ್ ಮಿಶ್ರಣ 1 ಲೀಟರಿಗೆ 60 ಲೀಟರ್ ಡೀಸೆಲ್. ನಮ್ಮ ಕಡೆ 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂಗೆ ಬಂದು ಬಯಲುಸೀಮೆಯನ್ನೆಲ್ಲ ಆವರಿಸಿದ ಬಳ್ಳಾರಿ ಜಾಲಿಗೆ ಹೀಗೆ ಡೀಸೆಲ್ ಸುರಿಯುವವರು ಇಲ್ಲವೆಂದೇ ಹೇಳಬೇಕು. ಗೋಮಾಳ ಎಲ್ಲರದ್ದು, ಆದ್ದರಿಂದ ಖರ್ಚು ಯಾರದ್ದೂ ಅಲ್ಲ. ಮೇಲಾಗಿ ಅದೇ ಜಾಲಿ ಬಡವರ ಒಲೆಗೆ ಸೌದೆ, ಇದ್ದಿಲು ಸುಡುವವರಿಗೆ ಕೂಳು. ನಮ್ಮ ರೈತ 2,4-ಡಿಯನ್ನು ಬಲ್ಲದ್ದು ಗದ್ದೆ, ಕಬ್ಬು, ಜೋಳಗಳಲ್ಲಿ.

ಡೀಸೆಲಿನ ಖರ್ಚು ತಾಳದೆ ಆಸ್ಟ್ರೇಲಿಯಾದವರು ಕರಿಜಾಲಿಯ ತವರಲ್ಲೇ ಅದರ ಹುಳುಗಳನ್ನು ಹುಡುಕಿದರು. 2008ರ ಬಳಿಕ ಕೊಯಮತ್ತೂರಿನ ಅರಣ್ಯ ತಳಿವಿಜ್ಞಾನ ಮತ್ತು ವೃಕ್ಷಾಭಿವೃದ್ಧಿ ಸಂಸ್ಥೆಯ ಜತೆ ತಮಿಳುನಾಡು, ಕರ್ನಾಟಕಗಳಲ್ಲಿ ಸಮೀಕ್ಷೆ ನಡೆಯಿತು. ಎಲೆ ಹೆಣೆದು ತಿನ್ನುವ ಒಂದು ಪತಂಗ, ರೆಂಬೆಯ ರಸ ಹೀರುವ ಒಂದು ಶಲ್ಕಕೀಟ ಆಶೆ ಹುಟ್ಟಿಸಿ ಕ್ವೀನ್ಸ್‌ಲ್ಯಾಂಡಿನ ಪ್ರಯೋಗಾಲಯದವರೆಗೆ ಹೋದವು. ಆದರೆ ಆಸ್ಟ್ರೇಲಿಯಾದಲ್ಲಿ ಕರಿಜಾಲಿಗೆ ನಂಟಿರುವ ಅಕೇಶಿಯಾ ಬಳಗದ ಸ್ಥಳೀಯ ಜಾತಿಗಳೇ ಸಾವಿರದಷ್ಟಿವೆ. ಹುಳು ಅಷ್ಟನ್ನೂ ಬಿಟ್ಟು ಕರಿಜಾಲಿಯೊಂದನ್ನೇ ತಿನ್ನಬೇಕು. ಹುಲ್ಲು ಮತ್ತು ಹುಲ್ಲಲ್ಲದ್ದು ಎಂಬ ಒರಟು ಭೇದಕ್ಕೆ ತೃಪ್ತಿಪಟ್ಟು 2,4,5-ಟಿಯನ್ನು ವಿಮಾನದಿಂದ ಸುರಿದ ಕಾಲಕ್ಕೂ ಇದಕ್ಕೂ ಎಷ್ಟು ದೂರ! ಪರೀಕ್ಷೆಯಲ್ಲಿ ಪತಂಗ, ಶಲ್ಕಕೀಟ ಎರಡೂ ಅಲ್ಲಿನ ಬೇರೆ ಜಾತಿಗಳ ಮೇಲೂ ಬದುಕಿ ಬೆಳೆದವು. ಎರಡನ್ನೂ ಕೈಬಿಡಲಾಯಿತು.