ಭಾಗಲಬ್ಧಗಳ ದಟ್ಟಣೆ, ವಾಸ್ತವ ಸಂಖ್ಯೆಗಳ ಪೂರ್ಣತೆ: √2ರ ನಿದರ್ಶನ

ಎರಡು ಪೂರ್ಣಾಂಕಗಳ ಅನುಪಾತವಾಗಿ, ಛೇದ ಸೊನ್ನೆಯಾಗದಂತೆ, ಬರೆಯಬಹುದಾದ ಸಂಖ್ಯೆಯೇ ಭಾಗಲಬ್ಧ ಸಂಖ್ಯೆ. ಅದರ ದಶಮಾಂಶ ರೂಪ ಎಲ್ಲಾದರೂ ಕೊನೆಗೊಳ್ಳುತ್ತದೆ, ಇಲ್ಲವೇ ಒಂದು ಹಂತದಿಂದಾಚೆಗೆ ಒಂದೇ ಅಂಕಿಗುಂಪು ಮರುಕಳಿಸುತ್ತದೆ. 1ನ್ನು 7ರಿಂದ ಭಾಗಿಸುತ್ತ ಹೋದರೆ 142857 ಮತ್ತೆ ಮತ್ತೆ ಬರುತ್ತದೆ; ಸೊನ್ನೆಯಲ್ಲದ ಶೇಷಗಳು ಆರೇ ಇರುವುದರಿಂದ ಈ ಆವರ್ತನೆ ಅನಿವಾರ್ಯ. ಕೊನೆಯೂ ಇಲ್ಲದ, ಆವರ್ತನೆಯೂ ಇಲ್ಲದ ದಶಮಾಂಶಗಳು ಅಭಾಗಲಬ್ಧಗಳು. ಎರಡೂ ಸೇರಿದ್ದು ವಾಸ್ತವ ಸಂಖ್ಯೆಗಳ ಗಣ. ಶಾಲಾ ಪಠ್ಯಗಳು ಬಹುಮಟ್ಟಿಗೆ ಈ ವರ್ಗೀಕರಣಕ್ಕೇ ನಿಲ್ಲುತ್ತವೆ. ಆದರೆ ಅಭಾಗಲಬ್ಧವನ್ನು ಸಂಖ್ಯೆಯೆಂದು ಕರೆಯುವ ಹಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆ ಹಕ್ಕು ಭಾಗಲಬ್ಧಗಳಿಂದಲೇ ಬರುತ್ತದೆ.

ಬದಿಯ ಉದ್ದ 1 ಇರುವ ಚೌಕದ ಕರ್ಣ √2. ವೇದಿಕೆಗಳ ಅಳತೆಯನ್ನು ಹೇಳುವ ಬೌಧಾಯನ ಶುಲ್ಬಸೂತ್ರ ಅದಕ್ಕೊಂದು ಬೆಲೆ ಕೊಡುತ್ತದೆ: ಬದಿಗೆ ಅದರ ಮೂರನೆಯ ಒಂದು ಭಾಗವನ್ನೂ ಆ ಭಾಗದ ನಾಲ್ಕನೆಯ ಒಂದನ್ನೂ ಕೂಡಿಸಿ, ಕೊನೆಯದರ ಮೂವತ್ತನಾಲ್ಕನೆಯ ಒಂದನ್ನು ಕಳೆಯಬೇಕು. ಅಂದರೆ 1 + 1/3 + 1/12 − 1/408, ಒಟ್ಟು 577/408. ಇದು ದಶಮಾಂಶದ ಐದು ಸ್ಥಾನಗಳವರೆಗೆ ಸರಿ. ಇನ್ನೂ ಸೊಗಸಾದ ಸಂಗತಿ ವರ್ಗಗಳಲ್ಲಿದೆ. 577ರ ವರ್ಗ 332929. 408ರ ವರ್ಗದ ಇಮ್ಮಡಿ 332928. ಅಂತರ ಒಂದೇ ಒಂದು.

ಈ ಒಂದು ಎಂದೂ ಸೊನ್ನೆಯಾಗದು. p² = 2q² ಎಂದು ಧನ ಪೂರ್ಣಾಂಕಗಳಿದ್ದರೆ, ಅವಿಭಾಜ್ಯಗಳಾಗಿ ಬಿಡಿಸಿದಾಗ ಎಡಗಡೆ 2 ಸಮಸಂಖ್ಯೆಯ ಬಾರಿ, ಬಲಗಡೆ ಬೆಸಸಂಖ್ಯೆಯ ಬಾರಿ ಬರಬೇಕು; ಇದು ಅಸಾಧ್ಯ. ಆದರೂ ಆ ಒಂದನ್ನು ಹಾಗೇ ಉಳಿಸಿಕೊಂಡು ಛೇದವನ್ನು ಬೆಳೆಸಬಹುದು. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ ಕೊಟ್ಟ ಭಾವನಾ ವಿಧಿಯ ಬಲ ಇದೇ: p/q ಇದ್ದಲ್ಲಿ (p² + 2q²)/2pq ತೆಗೆದುಕೊಂಡರೆ 17/12ರಿಂದ 577/408, ಅದರಿಂದ 665857/470832 ದೊರೆಯುತ್ತವೆ. ಕೊನೆಯದು ಹನ್ನೊಂದು ಸ್ಥಾನಗಳವರೆಗೆ ಸರಿ. ಹೀಗೆ ಭಾಗಲಬ್ಧಗಳು √2ಕ್ಕೆ ಬೇಕಾದಷ್ಟು ಹತ್ತಿರ ಹೋಗುತ್ತವೆ, ಅದನ್ನು ಮುಟ್ಟುವುದಿಲ್ಲ.

ಯಾವುದೇ ಎರಡು ಭಾಗಲಬ್ಧಗಳ ಸರಾಸರಿಯೂ ಭಾಗಲಬ್ಧವೇ ಆದ್ದರಿಂದ ಅವುಗಳ ನಡುವೆ ಅನಂತ ಭಾಗಲಬ್ಧಗಳಿವೆ. ಇಷ್ಟು ದಟ್ಟವಾಗಿದ್ದರೂ ಸಂಖ್ಯಾರೇಖೆ ಅವುಗಳಿಂದ ತುಂಬುವುದಿಲ್ಲ. ವರ್ಗ 2ಕ್ಕಿಂತ ಕಡಿಮೆಯಿರುವ ಧನ ಭಾಗಲಬ್ಧಗಳಲ್ಲಿ ಅತಿ ದೊಡ್ಡದು ಯಾವುದೂ ಇಲ್ಲ. ವರ್ಗ 2ಕ್ಕಿಂತ ಹೆಚ್ಚಿರುವವುಗಳಲ್ಲಿ ಅತಿ ಚಿಕ್ಕದೂ ಇಲ್ಲ. ಜ್ಯೂರಿಕ್‌ನಲ್ಲಿ ಕಲನಶಾಸ್ತ್ರ ಕಲಿಸುತ್ತಿದ್ದ ರಿಚರ್ಡ್ ಡೆಡೆಕಿಂಡ್ 1858ರಲ್ಲಿ ಈ ಬಿರುಕನ್ನೇ ಆಧಾರವಾಗಿಸಿಕೊಂಡರು: ಭಾಗಲಬ್ಧಗಳನ್ನು ಹೀಗೆ ಕೆಳಗಿನವು, ಮೇಲಿನವು ಎಂದು ವಿಭಜಿಸುವ ಪ್ರತಿಯೊಂದು ಛೇದನವೂ ಒಂದು ವಾಸ್ತವ ಸಂಖ್ಯೆಯನ್ನು ನಿರ್ಧರಿಸುತ್ತದೆ. ಇದು ಅಚ್ಚಾದದ್ದು 1872ರಲ್ಲಿ, ಕಲನಶಾಸ್ತ್ರ ಹುಟ್ಟಿ ಸುಮಾರು ಎರಡು ಶತಮಾನಗಳ ಬಳಿಕ. ಅಲ್ಲಿಂದ ಮುಂದೆ, ಮೇಲ್ಮಿತಿಯುಳ್ಳ ಪ್ರತಿಯೊಂದು ಶೂನ್ಯವಲ್ಲದ ಗಣಕ್ಕೂ ಕನಿಷ್ಠ ಮೇಲ್ಮಿತಿ ಇದೆ ಎಂಬುದು ಚಿತ್ರ ನೋಡಿ ಒಪ್ಪಿಕೊಳ್ಳುವ ಮಾತಾಗಿ ಉಳಿಯದೆ ಸಾಧಿಸಬಲ್ಲ ಪ್ರಮೇಯವಾಯಿತು. ಪೂರ್ಣತೆ ಎಂದರೆ ಇದೇ.

ಬೀಜಗಣಿತದ ದೃಷ್ಟಿಯಲ್ಲಿ ಭಾಗಲಬ್ಧಗಳ ಗಣ, ವಾಸ್ತವ ಸಂಖ್ಯೆಗಳ ಗಣ ಎರಡೂ ಕ್ಷೇತ್ರಗಳು, ಅಂದರೆ ಕೂಡಿಸಿದರೂ ಕಳೆದರೂ ಗುಣಿಸಿದರೂ ಸೊನ್ನೆಯಲ್ಲದ್ದರಿಂದ ಭಾಗಿಸಿದರೂ ಉತ್ತರ ಆ ಗಣದೊಳಗೇ ಉಳಿಯುತ್ತದೆ; ಅಭಾಗಲಬ್ಧಗಳಷ್ಟೇ ಕ್ಷೇತ್ರವಾಗವು, √2 × √2 = 2 ಎಂಬುದೇ ಅದಕ್ಕೆ ಸಾಕ್ಷಿ. ಎಣಿಕೆಯಲ್ಲಿ ಮಾತ್ರ ಅಂತರ ಅಗಾಧ. ಭಾಗಲಬ್ಧಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಜೋಡಿಸಬಹುದು. ವಾಸ್ತವ ಸಂಖ್ಯೆಗಳನ್ನು ಹಾಗೆ ಜೋಡಿಸಲಾಗದು ಎಂದು ಗಿಯೋರ್ಗ್ ಕ್ಯಾಂಟರ್ 1874ರಲ್ಲಿ ಸಾಧಿಸಿದರು. ಈ ಜೋಡಣೆಯಿಂದ ಉದ್ದದ ಲೆಕ್ಕವೂ ಸಿಗುತ್ತದೆ. 0 ಮತ್ತು 1ರ ನಡುವಿನ ಮೊದಲ ಭಾಗಲಬ್ಧವನ್ನು 1/2000 ಉದ್ದದ ತುಂಡಿನಿಂದ, ಎರಡನೆಯದನ್ನು 1/4000ರಿಂದ, ಹೀಗೆ ಪ್ರತಿಸಲ ಅರ್ಧಿಸುತ್ತ ಮುಚ್ಚಿದರೆ ಎಲ್ಲ ತುಂಡುಗಳ ಮೊತ್ತ 1/1000 ಮಾತ್ರ. ಮೊದಲ ತುಂಡನ್ನು ಬೇಕಾದಷ್ಟು ಕಿರಿದಾಗಿಸಬಹುದಾದ್ದರಿಂದ ಭಾಗಲಬ್ಧಗಳ ಒಟ್ಟು ಉದ್ದ ಸೊನ್ನೆ. 0ಯಿಂದ 1ರವರೆಗಿನ ಪೂರ್ತಿ ಒಂದು ಮಾನ ಅಭಾಗಲಬ್ಧಗಳ ಪಾಲು.