ಗಡೀಪಾರಾದವನ ಕಾಗದ, ಹೆಂಡತಿಯ ಹಳ್ಳಿ

ತೋಟ ಮಾರುವ ಮಾತು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸಲೀಸಾಗಿ ಬಾಯಿಗೆ ಬರುವುದಿಲ್ಲ. ಸಾಲವೋ ಕೋರ್ಟು ವ್ಯಾಜ್ಯವೋ ಕುತ್ತಿಗೆಗೆ ಬಂದಾಗ ಮೊದಲು ಹೋಗುವುದು ಮನೆಯಾಕೆಯ ಒಡವೆ; ತೆಂಗು ಅಡಿಕೆಯ ಸರದಿ ಕೊನೆಗೆ. ತವರಿನಿಂದ ಬಂದ ಜಮೀನಾದರಂತೂ ಮಾರು ಎನ್ನುವವರು ಯಾರು, ಬೇಡ ಎನ್ನುವ ಹಕ್ಕು ಯಾರಿಗೆ ಎಂಬುದೇ ದೊಡ್ಡ ಪಂಚಾಯಿತಿ. ಇಂಥದೇ ಪಂಚಾಯಿತಿಯೊಂದು ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಒಂದು ಮನೆಯಲ್ಲಿ ನಡೆಯಿತು. ಅದರಲ್ಲಿ ಗಂಡ ಬರೆದ ಕಾಗದ ಉಳಿದಿದೆ, ಹೆಂಡತಿಯದು ಉಳಿದಿಲ್ಲ.

ಗಂಡ ಪ್ರಸಿದ್ಧ ವಾಗ್ಮಿ ಸಿಸಿರೊ, ಹೆಂಡತಿ ಟೆರೆನ್ಷಿಯಾ. ಕ್ರಿ.ಪೂ. 63ರಲ್ಲಿ ಸಿಸಿರೊ ರೋಮ್‌ನ ಕಾನ್ಸಲ್, ಅಂದರೆ ಆ ವರ್ಷದ ಇಬ್ಬರು ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬ. ಕ್ಯಾಟಿಲಿನ್ ಎಂಬವನ ಪಿತೂರಿಯನ್ನು ಹತ್ತಿಕ್ಕಿ, ಐವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ. ಅಂದು ರಾಷ್ಟ್ರರಕ್ಷಕನೆಂದು ಹೊಗಳಿಸಿಕೊಂಡದ್ದೇ ಐದು ವರ್ಷಗಳಲ್ಲಿ ಉರುಳಾಯಿತು. ವಿಚಾರಣೆಯಿಲ್ಲದೆ ಪ್ರಜೆಯನ್ನು ಕೊಂದವನಿಗೆ ಗಡೀಪಾರು ಎಂಬ ಕಾನೂನನ್ನು ಕ್ರಿ.ಪೂ. 58ರಲ್ಲಿ ಅವನ ವೈರಿ ಕ್ಲೋಡಿಯಸ್ ತಂದ. ಸಿಸಿರೊ ಊರು ಬಿಟ್ಟ. ಆಸ್ತಿ ಮುಟ್ಟುಗೋಲಾಯಿತು. 35 ಲಕ್ಷ ಸೆಸ್ಟರ್ಸ್ ಕೊಟ್ಟು ಕೊಂಡಿದ್ದ ಪ್ಯಾಲಟೈನ್ ಗುಡ್ಡದ ಮನೆಯನ್ನು ಕೆಡವಿ, ಆ ಜಾಗದಲ್ಲಿ ಕ್ಲೋಡಿಯಸ್ ಸ್ವಾತಂತ್ರ್ಯದೇವಿಗೆ ಗುಡಿ ಕಟ್ಟಿಸಿದ. ಕುಚೋದ್ಯವೆಂದರೆ ಇದು.

ಗ್ರೀಸ್ ಕಡೆ ಅಲೆಯುತ್ತಿದ್ದ ಸಿಸಿರೊಗೆ ಟೆರೆನ್ಷಿಯಾಳ ಕಾಗದ ತಲುಪಿತು: ತನ್ನ 'ವೀಕುಸ್' ಮಾರುತ್ತೇನೆ ಎಂದು ಆಕೆ ಬರೆದಿದ್ದಳು. ಆ ಲ್ಯಾಟಿನ್ ಪದಕ್ಕೆ ಹಳ್ಳಿ ಎಂದೂ ಅರ್ಥ, ಮನೆಗಳ ಸಾಲು ಎಂದೂ ಅರ್ಥ. ಎರಡರಲ್ಲಿ ಯಾವುದಾದರೂ ಸರಿ, ಅದು ವರಮಾನದ ಆಸ್ತಿ.

ಸಿಸಿರೊನ ಉತ್ತರ ಆ ನವೆಂಬರಿನಲ್ಲಿ ಡಿರೇಕಿಯಂ ಬಂದರಿನಿಂದ (ಇಂದಿನ ಅಲ್ಬೇನಿಯಾದ ಡುರೆಸ್) ಹೋಯಿತು. ಅದರಲ್ಲಿ ರಾಜಕಾರಣಿಯ ಠೀವಿ ಇಲ್ಲ. ಅಳುವಿನಿಂದ ಮುಂದೆ ಬರೆಯಲಾಗುತ್ತಿಲ್ಲ ಎನ್ನುತ್ತಾನೆ. ಆದರೆ ಅಳುವಿನ ನಡುವೆಯೂ ವಕೀಲನ ಲೆಕ್ಕ ತಪ್ಪುವುದಿಲ್ಲ. ಗೆಳೆಯರು ಕೈ ಹಿಡಿದರೆ ದುಡ್ಡಿಗೆ ಕೊರತೆಯಾಗದು. ಕೈ ಬಿಟ್ಟರೆ ನಿನ್ನ ದುಡ್ಡೊಂದರಿಂದ ಕೆಲಸ ಆಗದು ಎಂಬುದು ವಾದದ ತಿರುಳು. ಉಳಿದದ್ದೆಲ್ಲ ಮಗನ ಚಿಂತೆ. ಏಳು ವರ್ಷದ ಹುಡುಗನಿಗೆ ಬದುಕಲು ಒಂದಿಷ್ಟು ಆಸರೆ ಉಳಿದರೆ ಸಾಕು, ಅದನ್ನೂ ಕಳೆಯಬೇಡ ಎಂದು ಬೇಡಿಕೊಳ್ಳುತ್ತಾನೆ.

ಬೇಡಿಕೊಳ್ಳುತ್ತಾನೆ, ಅಪ್ಪಣೆ ಕೊಡಿಸುವುದಿಲ್ಲ. ಕೊಡಿಸುವಂತೆಯೂ ಇರಲಿಲ್ಲ. ಆ ಕಾಲದಲ್ಲಿ ರೋಮ್‌ನಲ್ಲಿ ರೂಢಿಯಾಗಿದ್ದ ಮದುವೆಯಲ್ಲಿ ವರದಕ್ಷಿಣೆ ಗಂಡನ ಕೈಗೆ ಹೋಗುತ್ತಿತ್ತು. ಅದರ ಹೊರಗಿನ ಹೆಂಡತಿಯ ಆಸ್ತಿ ಅವಳದಾಗಿಯೇ ಉಳಿಯುತ್ತಿತ್ತು. ಗಂಡನ ಆಸ್ತಿ ಮುಟ್ಟುಗೋಲಾದರೂ ಟೆರೆನ್ಷಿಯಾಳ ಬಳಿ ಮಾರಲು ಏನಾದರೂ ಉಳಿದದ್ದು ಹೀಗೆ. ನಮ್ಮಲ್ಲಿ ಸ್ತ್ರೀಧನ ಧರ್ಮಶಾಸ್ತ್ರಗಳಷ್ಟೇ ಹಳೆಯ ಮಾತು. ಆದರೂ ಅದರ ಮೇಲೆ ಹೆಣ್ಣಿಗಿರುವ ಹಕ್ಕನ್ನು ಮೈಸೂರು ಸಂಸ್ಥಾನ ಬಿಡಿಸಿ ಬರೆದದ್ದು 1933ರ ಕಾಯ್ದೆಯಲ್ಲಿ. ತರೀಕೆರೆಯೂ ಅಜ್ಜಂಪುರವೂ ಆಗ ಕಡೂರು ಜಿಲ್ಲೆಯವು.

ಟೆರೆನ್ಷಿಯಾ ಸುಮ್ಮನೆ ಕೂತವಳೂ ಅಲ್ಲ. ಗಂಡನ ಪರವಾಗಿ ಓಡಾಡಿ, ವೆಸ್ತಾ ದೇವಿಯ ಗುಡಿಯ ಬಳಿಯಿಂದ ಎಳೆದೊಯ್ಯಲ್ಪಟ್ಟ ಅವಮಾನವನ್ನೂ ಆಕೆ ಉಂಡಳು ಎಂಬುದು ಸಿಸಿರೊನ ಇನ್ನೊಂದು ಕಾಗದದಿಂದಲೇ ತಿಳಿಯುತ್ತದೆ.

ಕ್ರಿ.ಪೂ. 57ರ ಆಗಸ್ಟಿನಲ್ಲಿ ಗಡೀಪಾರು ರದ್ದಾಯಿತು. ಪ್ಯಾಲಟೈನ್ ಮನೆಗೆ 20 ಲಕ್ಷ, ಟಸ್ಕುಲಂ ತೋಟದ ಮನೆಗೆ 5 ಲಕ್ಷ, ಫಾರ್ಮಿಯೆಯದಕ್ಕೆ ಎರಡೂವರೆ ಲಕ್ಷ ಸೆಸ್ಟರ್ಸ್ ಪರಿಹಾರ ಗೊತ್ತಾಯಿತು. ಕೊನೆಯ ಎರಡು ತೀರಾ ಕಡಿಮೆ ಎಂದು ಸಿಸಿರೊ ಗೊಣಗಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ದುಡ್ಡಿನ ವಿಚಾರಕ್ಕೇ ಗಂಡ ಹೆಂಡಿರ ನಡುವೆ ಬಿರುಕು ಬಿಟ್ಟು, ಕ್ರಿ.ಪೂ. 46ರ ಸುಮಾರಿಗೆ ವಿಚ್ಛೇದನವಾಯಿತು. ರೋಮ್‌ನ ಕಾನೂನಿನಂತೆ ವರದಕ್ಷಿಣೆ ಹಿಂದಿರುಗಿಸಬೇಕಾಯಿತು. ಕ್ರಿ.ಪೂ. 44ರಲ್ಲಿ ಗೆಳೆಯ ಅಟಿಕಸ್‌ಗೆ ಬರೆದ ಕಾಗದದಲ್ಲೂ ಟೆರೆನ್ಷಿಯಾಳ ಬಾಕಿಯ ಮಾತಿದೆ.