ಮೂರು ಅಕ್ಷರದ ವ್ಯತ್ಯಾಸ

ನಾನು ಸೇಡಂನವನು. ಹೊಟ್ಟೆಪಾಡು ಬೆಂಗಳೂರಿನಲ್ಲಿ, ಸರ್ವರುಗಳ ನಕಲು ಕಾಯುವ ಕೆಲಸ. ಇಲ್ಲಿನ ವರ್ಚುವಲ್ ಮಷಿನ್ ನಿಂತರೆ ದೂರದ ಊರಿನಲ್ಲಿಟ್ಟ ಅದರ ಪ್ರತಿ ಎದ್ದು ಕೆಲಸ ಹಿಡಿಯಬೇಕು. ಇಲ್ಲಿ ರಿಪೇರಿ ಮುಗಿದ ಮೇಲೆ ಅದು ತವರಿಗೆ ಮರಳಬೇಕು. ಹೋಗುವುದು ಫೇಲ್‌ಓವರ್, ಮರಳುವುದು ಫೇಲ್‌ಬ್ಯಾಕ್. ಹೋಗುವುದು ನಿಮಿಷಗಳ ಮಾತು. ಮರಳುವಾಗ ಎಷ್ಟನ್ನು ಹೊತ್ತು ತರಬೇಕು ಅನ್ನುವ ಲೆಕ್ಕವೇ ತಲೆ ತಿನ್ನುತ್ತದೆ.

ಹಿಂದೊಮ್ಮೆ ಒಂದು ಕಂಪನಿಯಲ್ಲಿ ಎರಡು ದಿನ ದೂರದ ಪ್ರತಿಯ ಮೇಲೆ ವ್ಯವಹಾರ ನಡೆಯಿತು. ಬದಲಾದದ್ದು 30 ಜಿಬಿ. 20 ಎಂಬಿಪಿಎಸ್ ಲೈನಿನಲ್ಲಿ ಮೂರು ತಾಸು ಇಪ್ಪತ್ತು ನಿಮಿಷ. ಆದರೆ ಜಾಗ ಖಾಲಿ ಮಾಡುವ ಹುರುಪಿನಲ್ಲಿ ಇಲ್ಲಿನ ಹಳೆ ಡಿಸ್ಕನ್ನು ನಾನೇ ಅಳಿಸಿಬಿಟ್ಟಿದ್ದೆ. ತಾಳೆ ನೋಡಲು ಎದುರಿಗೆ ಏನೂ ಇಲ್ಲದ ಮೇಲೆ 2 ಟಿಬಿ ಪೂರ್ತಿ ಬರಲೇಬೇಕು. ನಮ್ಮ ಕಡೆಯವರೇ ಆದ ಮ್ಯಾನೇಜರ್ ಕೇಳಿದರು, "ಎಷ್ಟ್ ದಿನ ಹಿಡಿತದೋ?" "ಒಂಬತ್ತ್ ದಿನ ದಾಟ್ತದ್ರಿ" ಅಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಆ ವರ್ಷ ದೀಪಾವಳಿಗೆ ಊರಿಗೆ ಹೋದವನು ಮಳಖೇಡಕ್ಕೂ ಹೋಗಿಬಂದೆ. ಕಾಗಿಣಾ ದಂಡೆಯ ಈ ಊರೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 972ರಲ್ಲಿ ಪರಮಾರ ಸೀಯಕ ಇದನ್ನು ಲೂಟಿ ಮಾಡಿದ. ನೇಮಿನಾಥ ಬಸದಿಯ ಕಂಬಕ್ಕೆ ಒರಗಿ ಕೂತಾಗ ಡಿಸ್ಕಿನ ಚಿಂತೆಯ ನಡುವೆಯೇ ಧವಲಾ ಎಂಬ ಜೈನ ಗ್ರಂಥ ನೆನಪಾಯಿತು.

ಧವಲಾ ಈ ಊರಿನಲ್ಲಿ ಬರೆದದ್ದಲ್ಲ. ದಿಗಂಬರ ಜೈನರ ಆಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ವಾಟಗ್ರಾಮದಲ್ಲಿ ಬರೆದ ಟೀಕೆ ಅದು. 816ರಲ್ಲಿ ಮುಗಿಯಿತೆಂಬುದು ಬಹುಮಾನ್ಯ ಲೆಕ್ಕ. ಅವರ ಶಿಷ್ಯ ಜಿನಸೇನರು ಮಾನ್ಯಖೇಟದ ದೊರೆ ಅಮೋಘವರ್ಷನ ಗುರು. ಗುರುಗಳು ಅರ್ಧಕ್ಕೆ ಬಿಟ್ಟ ಇನ್ನೊಂದು ಟೀಕೆ ಜಯಧವಲಾವನ್ನು 837ರಲ್ಲಿ ಮುಗಿಸಿದವರು ಅವರೇ. ರಾಜ್ಯ ಹೋಯಿತು, ಪ್ರತಿಗಳೂ ಒಂದೊಂದಾಗಿ ಹೋದವು. ಕೊನೆಗೆ ಈ ಸಿದ್ಧಾಂತ ಗ್ರಂಥಗಳು ಉಳಿದದ್ದು ಕರಾವಳಿಯ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಆಪತ್ತಿಗೆಂದು ದೂರದಲ್ಲಿ ಪ್ರತಿ ಇಡುವ ಜಾಗ, ನಮ್ಮ ಮಾತಿನಲ್ಲಿ ಡಿಆರ್ ಸೈಟ್, ಅಂದರೆ ಇದು.

ಧವಲಾದ ಗಾತ್ರ 72,000 ಗ್ರಂಥ. ಇಲ್ಲಿ ಗ್ರಂಥ ಎಂದರೆ ಪುಸ್ತಕವಲ್ಲ, ಮೂವತ್ತೆರಡು ಅಕ್ಷರದ ಅಳತೆ, ಒಂದು ಅನುಷ್ಟುಪ್ ಶ್ಲೋಕದಷ್ಟು. ಗದ್ಯವಿರಲಿ ಪದ್ಯವಿರಲಿ, ಲಿಪಿಕಾರರು ಅದರಲ್ಲೇ ಎಣಿಸಿ ಓಲೆಯ ಕೊನೆಗೆ ಗ್ರಂಥಾಗ್ರ ಎಂದು ಮೊತ್ತ ಬರೆಯುತ್ತಿದ್ದರು. ಕೂಲಿಯ ಲೆಕ್ಕವೂ ಅದರ ಮೇಲೆಯೇ. ನಮ್ಮ ಬೈಟಿನ ಅಜ್ಜ! ಸುಮ್ಮನೆ ಮೊಬೈಲಿನಲ್ಲಿ ಗುಣಿಸಿದೆ: 23 ಲಕ್ಷ ಚಿಲ್ಲರೆ ಅಕ್ಷರ. ಅಕ್ಷರಕ್ಕೆ ಆರು ಬೈಟ್ ಹಿಡಿದರೂ ಹದಿನಾಲ್ಕು ಎಂಬಿ ದಾಟುವುದಿಲ್ಲ. ನಮ್ಮ ಕಾಕಾ ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ವಿಡಿಯೊಗಳು ಇದಕ್ಕಿಂತ ಭಾರ.

ಆ ಹದಿನಾಲ್ಕು ಎಂಬಿ ಹೊರಬಂದ ಬಗೆ ಕೇಳಬೇಕು. 1896ರ ಸುಮಾರಿಗೆ ಮೂಡುಬಿದಿರೆಯಲ್ಲಿ ಈ ಗ್ರಂಥಗಳ ನಕಲು ಶುರುವಾಯಿತು. ಸೊಲ್ಲಾಪುರದ ಹೀರಾಚಂದ್ ನೇಮಚಂದರಂಥ ಶ್ರೀಮಂತರು ದುಡ್ಡು ಕೂಡಿಸಿದರು. ಎಲ್ಲ ಮುಗಿಯುವಾಗ 1922. ಪ್ರತಿ ಮಾತ್ರ ಊರು ಬಿಟ್ಟು ಹೋಗಕೂಡದೆಂಬುದು ಅಲ್ಲಿಯವರ ಕಟ್ಟಳೆ. ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಟ್ಟರು. ಹೆಂಡತಿ ಲಕ್ಷ್ಮೀಬಾಯಿ ಅದಕ್ಕೆ ದೊಡ್ಡ ಹೆಗಲು ಕೊಟ್ಟವರು. ಆ ಪ್ರತಿ ಸಹಾರನಪುರ ಸೇರಿತು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಇಟ್ಟುಕೊಂಡರು! ಕದ್ದ ನಕಲಿನ ಕದ್ದ ನಕಲು. ನನ್ನ ಕಸುಬಿನಲ್ಲಿ ಇದಕ್ಕೆ ನೌಕರಿ ಹೋಗುತ್ತದೆ. ಅವರಿಗೆ ನಾನು ಕೈ ಮುಗಿಯುತ್ತೇನೆ. ಹಾಗೆ ಹಬ್ಬಿದ ಪ್ರತಿಗಳಿಂದಲೇ ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಅಚ್ಚು ಹಾಕಿಸಿದರು.

ಅಚ್ಚಾದ ಮೇಲೆ ಜಗಳ. ತೊಂಬತ್ತಮೂರನೆಯ ಸೂತ್ರದಲ್ಲಿ 'ಸಂಜದ' ಎಂಬ ಪ್ರಾಕೃತ ಪದ ಇರಬೇಕಿತ್ತು ಎಂದು ಸಂಪಾದಕರು ಅಡಿಟಿಪ್ಪಣಿ ಹಾಕಿದ್ದರು. ಅವರ ಕೈಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಸಂಜದ ಅಂದರೆ ಸಂಯತ, ಸಂಯಮದ ವ್ರತ ಹಿಡಿದವರು. ಸೂತ್ರ ಹೆಣ್ಣಿನ ಕುರಿತದ್ದು. ಅದು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಮಾತು ಹೆಣ್ಣಿಗೆ ಮೋಕ್ಷವುಂಟೇ ಎಂಬ ಹಳೆಯ ವಾದದವರೆಗೂ ಹೋಗುತ್ತದೆ. ಪಂಡಿತರು ಎರಡು ಪಾಳಯವಾದರು. ಕೊನೆಗೆ ಮೂಡುಬಿದಿರೆಯ ಓಲೆಯನ್ನೇ ನೋಡಿದಾಗ ಪದ ಅಲ್ಲಿತ್ತು.

ತರಬೇಕಾದದ್ದು ಮೂರೇ ಅಕ್ಷರ. ಆದರೆ ಎಲ್ಲೆಲ್ಲಿ ಏನೇನು ಜಾರಿದೆ ಎಂದು ತಿಳಿಯಲು ಓಲೆ ಮತ್ತು ಅಚ್ಚು ಎರಡನ್ನೂ ಮುಂದಿಟ್ಟುಕೊಂಡು ಸಾಲು ಸಾಲು ತಾಳೆ ನೋಡಲೇಬೇಕು. ನಮ್ಮಲ್ಲೂ ಹಾಗೇ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮೆಕೆರಸ್ ಆರ್‌ಸಿಂಕ್ ಎಂಬ ನಕಲು ಪ್ರೋಗ್ರಾಮ್ ಬರೆದಾಗ ಹಾಕಿದ ದಾರಿಯೂ ಇದೇ ಜಾಡಿನದು: ತುಂಡು ತುಂಡಿಗೂ ಒಂದು ಚೆಕ್‌ಸಮ್ ಗುರುತು, ಎರಡು ಕಡೆಯ ಗುರುತು ಕೂಡದ ತುಂಡು ಮಾತ್ರ ಸಾಗಿಸು. ಲೈನಿನ ಮೇಲೆ ಹೋಗುವುದು 30 ಜಿಬಿ ಇರಬಹುದು, ಓದುವುದು ಮಾತ್ರ ಎರಡೂ ಕಡೆ 2 ಟಿಬಿ. ಸೆಕೆಂಡಿಗೆ ನೂರು ಎಂಬಿಯಂತೆ ಓದಿದರೂ ಐದೂವರೆ ತಾಸು. ಬದಲಾದ ಬ್ಲಾಕುಗಳ ಪಟ್ಟಿ ಮೊದಲಿನಿಂದ ಇಟ್ಟಿದ್ದರೆ ಈ ಓದೂ ತಪ್ಪುತ್ತದೆ. ಗಜಪತಿ ಉಪಾಧ್ಯಾಯರು ಅಂಥ ಪಟ್ಟಿ ಎಲ್ಲಿಂದ ಇಡಬೇಕು, ಪಾಪ.

ಮೂಡುಬಿದಿರೆಯವರು ನಕಲು ಮುಗಿದ ಮೇಲೂ ಓಲೆ ಎಸೆಯಲಿಲ್ಲ. ಬೆಂಗಳೂರಿಗೆ ಮರಳಿದ ದಿನ ರ್‍ಯಾಕಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ: "ಹಳೆ ಡಿಸ್ಕ್ ಅಳಸಬ್ಯಾಡ್ರಿ." ಮ್ಯಾನೇಜರ್ ಅದರ ಕೆಳಗೆ ಪೆನ್ನಿನಲ್ಲಿ ನನ್ನ ಹೆಸರು ಬರೆದು "ನೀನೂ" ಅಂತ ಸೇರಿಸಿದರು.